ಗೇಟಿಗೆ ಕಾರ್ಡು, ವ್ಯಾನಿನಲ್ಲಿ ರಾಣಿ

ಈ ಊರಿನಲ್ಲಿ ಯಾರ ಪಾರ್ಸಲ್ ಬರದೇ ಹೋದರೂ ಬೈಸಿಕೊಳ್ಳುವವಳು ನಾನು. ಕೊರಿಯರ್ ಕಂಪನಿಯ ದೊಡ್ಡ ಮನುಷ್ಯರು ಸಿಡ್ನಿಯಲ್ಲಿ ಎಲ್ಲೋ ತಣ್ಣಗೆ ಕೂತಿರುತ್ತಾರೆ. ಅವರಿಗೆ ಫೋನ್ ಮಾಡಿದರೆ ಒಂದು ಹೆಣ್ಣು ದನಿ ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಹೇಳಿ, ಪಿಟೀಲು ಹಚ್ಚಿ ಮಾಯವಾಗುತ್ತದೆ. ನಾನು ಮಾಯವಾಗುವುದೆಲ್ಲಿಗೆ? ಯೆರಾಂಡಾ ಎಂಬ ಈ ಊರಿನಲ್ಲಿ ಇರುವ ಒಂದೇ ದೊಡ್ಡ ರಸ್ತೆಯಲ್ಲಿ, ಮಾಂಸದಂಗಡಿಯ ಪಕ್ಕದಲ್ಲಿ, ಬಾಗಿಲು ತೆರೆದುಕೊಂಡು ಕೂತಿದ್ದೇನೆ. ಹಾಲು, ಬ್ರೆಡ್ಡು, ಪೇಪರು, ಮೀನಿನ ಗಾಳ, ನಮ್ಮಪ್ಪ ಇಟಲಿಯ ಕಲಾಬ್ರಿಯಾದಿಂದ ತಂದ ಬೀಜದ ಒಣಮೆಣಸಿನಕಾಯಿ, ಎಲ್ಲ ಮಾರುತ್ತೇನೆ. ಅದರ ಜೊತೆಗೆ ಮನೆಗೆ ಮುಟ್ಟದ ಪಾರ್ಸಲ್‌ಗಳನ್ನು ಇಟ್ಟುಕೊಂಡು ಜನ ಬಂದಾಗ ಕೊಡುವ ಕೆಲಸ. ಅದನ್ನು ಯಾವ ಗಳಿಗೆಯಲ್ಲಿ ಒಪ್ಪಿಕೊಂಡೆನೋ, ಅಂದಿನಿಂದ ಕಿವಿಗೆ ನೆಮ್ಮದಿಯಿಲ್ಲ.

ಕಾರ್ಡು ಎಂದರೆ ಸಾಕು, ನಮ್ಮೂರಿನವರಿಗೆ ಮೈ ಉರಿಯುತ್ತದೆ. ಡ್ರೈವರ್ ಬಂದಾಗ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಒಂದು ಕಾರ್ಡು ಸಿಕ್ಕಿಸಿ ಹೋಗಬೇಕೆಂಬುದು ನಿಯಮ. ನೀವು ಸಿಗಲಿಲ್ಲ, ಅಂಗಡಿಗೆ ಬಂದು ಪಾರ್ಸಲ್ ಪಡೆದುಕೊಳ್ಳಿ ಎಂದು ಅದರಲ್ಲಿ ಅಚ್ಚಾಗಿರುತ್ತದೆ. ಮನೆಯಲ್ಲೇ ಇದ್ದವರಿಗೆ ಆ ಕಾರ್ಡು ಸಿಕ್ಕಿದರೆ ಹೇಗಾಗಬೇಡ? ಬೆಳಗಿನಿಂದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾದವರು, ಸ್ನಾನವನ್ನೂ ಮಾಡದೆ ಕಾದವರು, ಆ ಕಾರ್ಡನ್ನು ಹಿಡಿದುಕೊಂಡು ನನ್ನ ಅಂಗಡಿಗೆ ನುಗ್ಗುತ್ತಾರೆ. ನಾನೇ ಅವರ ಗೇಟಿಗೆ ಹೋಗಿ ಸಿಕ್ಕಿಸಿ ಬಂದೆನೇನೋ ಅನ್ನುವ ಹಾಗೆ ನನ್ನ ಮುಖದ ಮುಂದೆ ಆಡಿಸುತ್ತಾರೆ. ನಾನೂ ಸುಮ್ಮನಿರುವವಳಲ್ಲ. ನಾಲ್ಕು ಮಾತು ಅವರಿಂದ ಬಂದರೆ ಐದು ಮಾತು ಕೊಟ್ಟೇ ಕಳಿಸುವುದು.

ಕಾರ್ಡು ಹಾಕುವವನು ಇವಜ್. ಅಫ್ಘಾನಿಸ್ತಾನದ ಹಜಾರಾ ಜನದವನು. ಆಶ್ರಯ ಕೇಳಿಕೊಂಡು ದೋಣಿ ಹತ್ತಿ ಬಂದವನಂತೆ ಎಂದು ಊರು ಮೊದಮೊದಲು ಆಡಿಕೊಂಡಿತು. ಎಲ್ಲರ ಮನೆಗೆ ಟೈರು, ಟಿ.ವಿ., ನಾಯಿಯ ಆಹಾರದ ಮೂಟೆ ಹೊತ್ತುಕೊಂಡು ಹೋಗುವವನೂ ಅವನೇ ಎಂದು ಗೊತ್ತಾದ ಮೇಲೆ ಬಾಯಿ ಮುಚ್ಚಿಕೊಂಡಿತು. ಈ ಊರಿಗೆ ಯಾವ ಹೆಸರನ್ನೂ ಪೂರ್ತಿ ಹೇಳುವ ವ್ಯವಧಾನವಿಲ್ಲ. ಜುಸೆಪೀನಾ ಎಂಬ ನನ್ನನ್ನು ಪೀನಾ ಮಾಡಿದವರು ಅವನನ್ನು ಇವ್ವಿ ಮಾಡಿದರು. ಅವನು ಅದಕ್ಕೂ ತಲೆಯಾಡಿಸಿದ. ಅವನ ತಲೆಯಾಡಿಸುವಿಕೆ ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಯಾರು ಬೈದರೂ ಸರಿ ಎಂದು ತಲೆಯಾಡಿಸಿಕೊಂಡು ನಿಂತರೆ ಬೈಯುವವರಿಗೆ ಇನ್ನಷ್ಟು ಹುರುಪು ಬರುತ್ತದೆ, ಅಷ್ಟೂ ತಿಳಿಯಬಾರದೇ?

ದಿನಾ ಸಂಜೆ ಐದರ ಹೊತ್ತಿಗೆ ಅವನ ಬಿಳಿ ವ್ಯಾನು ಬಂದು ನಿಲ್ಲುತ್ತದೆ. ಮನೆಗೆ ಮುಟ್ಟದೆ ಉಳಿದ ಪಾರ್ಸಲ್‌ಗಳನ್ನು ತಂದು ಗೋಡೆಗೆ ಒರಗಿಸುತ್ತಾನೆ, ನಾನು ಒಂದೊಂದನ್ನೇ ನೋಡಿ ತೆಗೆದುಕೊಳ್ಳುತ್ತೇನೆ. ನಲ್ಲಿಗೆ ಬಾಯಿ ಹಚ್ಚಿ ನೀರು ಕುಡಿಯುತ್ತಾನೆ. ಬಾಗಿಲ ತನಕ ಹೋದವನು, ಏನೋ ಆಗ ತಾನೇ ನೆನಪಾಯಿತು ಅನ್ನುವಂತೆ ತಿರುಗಿ ನಿಂತು ಕೇಳುತ್ತಾನೆ.

"ಖಾಲಾ, ನಂದೇನಾದ್ರೂ ಬಂತಾ?"

ಖಾಲಾ ಎಂದರೆ ಅವರಲ್ಲಿ ಚಿಕ್ಕಮ್ಮ.

"ಇಲ್ಲ ಕಣೋ."

"ಸರಿ ಖಾಲಾ. ನಾಳೆ ನೋಡೋಣ."

ಅವನ ಹೆಂಡತಿ ಮಾಹ್‌ಗುಲ್ ಪಾಕಿಸ್ತಾನದ ಕ್ವೆಟ್ಟಾದಲ್ಲಿ ಇದ್ದಾಳೆ. ಮದುವೆಯಾಗಿ ವರ್ಷ ತುಂಬುವುದರೊಳಗೆ ಬಿಟ್ಟು ಬಂದಿದ್ದ, ಹತ್ತು ವರ್ಷ ದಾಟಿತು. ಅವಳನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ್ದಾನೆ, ಅರ್ಜಿ ಸಾಲಿನಲ್ಲಿದೆ. ಆ ಸಾಲಿನ ತುದಿ ಎಲ್ಲಿದೆಯೆಂದು ಹೇಳುವವರಿಲ್ಲ. ಈ ನಡುವೆ ಅವಳು ಒಂದು ಅಂಗಿ ಹೊಲಿದು, ಕೊರಳಪಟ್ಟಿಗೆ ಕಸೂತಿ ಹಾಕಿ ಪಾರ್ಸಲ್ ಕಳಿಸಿದ್ದಳು. ಅಲ್ಲಿಂದ ಹೊರಟಿದೆ ಎಂದು ಕಂಪ್ಯೂಟರು ಹೇಳಿತು, ಆಮೇಲೆ ಅದೂ ಬಾಯಿ ಬಿಡಲಿಲ್ಲ. ಅದಕ್ಕೆ ಅವನು ಕೊಟ್ಟ ವಿಳಾಸ ನನ್ನ ಅಂಗಡಿಯದು.

"ನಿನ್ನ ರೂಮಿನ ವಿಳಾಸ ಕೊಡಬಾರದಿತ್ತೇನೋ?" ಎಂದು ಒಮ್ಮೆ ರೇಗಿದ್ದೆ.

"ಹಗಲೆಲ್ಲ ನಾನು ವ್ಯಾನಲ್ಲಿ ಇರ್ತೀನಲ್ಲ ಖಾಲಾ. ಬಂದವನು ನಂಗೂ ಕಾರ್ಡ್ ಹಾಕಿ ಹೋಗ್ತಾನೆ" ಅಂದು ನಕ್ಕ. ಆಮೇಲೆ ನಗು ನಿಲ್ಲಿಸಿ, "ಅಳತೆ ಕೇಳಲಿಲ್ಲ ಅವಳು. ನೆನಪಲ್ಲಿ ಇರೋ ಹಾಗೇ ಹೊಲ್ದೆ ಅಂದ್ಲು. ಆಗ ನಾನು ಕಡ್ಡಿ ಥರ ಇದ್ದೆ" ಎಂದು ತನ್ನ ಹೊಟ್ಟೆ ತಟ್ಟಿ ತೋರಿಸಿದ.

ದಿನಾ ಕೇಳಿದ್ದನ್ನೇ ಕೇಳುವವನಿಗೆ ದಿನಾ ಹೇಳಿದ್ದನ್ನೇ ಹೇಳಿ ಅಭ್ಯಾಸವಾಗಿ, ಬರಬರುತ್ತಾ ನಾನು ತಲೆಯೆತ್ತಿ ನೋಡುವುದನ್ನೂ ಬಿಟ್ಟಿದ್ದೆ. ಅವನು ಬಾಯಿ ತೆರೆಯುವ ಮೊದಲೇ ಇಲ್ಲ ಎಂದುಬಿಡುತ್ತಿದ್ದೆ.

ಇನ್ನು ಗ್ವೆಂಡಾ. ಅವಳೂ ನಾನೂ ಒಂದೇ ಶಾಲೆಯಲ್ಲಿ ಓದಿದವರು. ಊರಿಂದ ಆಚೆ, ಕಾಲುವೆ ದಾಟಿದ ಮೇಲೆ ಅವಳ ಜಮೀನು. ಗಂಡ ಮರ್ವ್ ಜೇನು ಸಾಕುತ್ತಿದ್ದ. ಬಾದಾಮಿ ಹೂ ಬಿಡುವ ಕಾಲಕ್ಕೆ ಸುತ್ತಲಿನ ತೋಟದವರೆಲ್ಲ ಅವನ ಪೆಟ್ಟಿಗೆಗಳಿಗಾಗಿ ಕಾಯುತ್ತಿದ್ದರು. ಹೋದ ಚಳಿಗಾಲದಲ್ಲಿ ಮರ್ವ್ ತೀರಿಕೊಂಡ. ಹುಳದ ಕೆಲಸವೆಲ್ಲ ಅವನದಾಗಿತ್ತು, ಗ್ವೆಂಡಾ ಜೇನುತುಪ್ಪ ಬಾಟಲಿಗೆ ತುಂಬಿ ಚೀಟಿ ಅಂಟಿಸುವವಳು ಅಷ್ಟೇ. ಅವಳು ಪೆಟ್ಟಿಗೆಗಳನ್ನೆಲ್ಲ ಮಾರಿ, ಅಡುಗೆಮನೆಯ ಕಿಟಕಿಗೆ ಕಾಣುವ ಒಂದನ್ನು ಮಾತ್ರ ಉಳಿಸಿಕೊಂಡಳು.

ಮರ್ವ್‌ನ ರಾಣಿಗಳೆಂದರೆ ಜೇನಿನವರ ನಡುವೆ ಹೆಸರಿತ್ತು. ಮೂವತ್ತು ವರ್ಷ ಆರಿಸಿ ಆರಿಸಿ ಬೆಳೆಸಿದ ತಳಿ. ಎಷ್ಟು ಸಾಧು ಎಂದರೆ ಅವನು ಬರಿಗೈಯಲ್ಲಿ, ಚಡ್ಡಿ ಹಾಕಿಕೊಂಡು ಪೆಟ್ಟಿಗೆ ಬಿಚ್ಚುತ್ತಿದ್ದ. ಬೇಸಿಗೆ ಹತ್ತಿದಾಗ ಗ್ವೆಂಡಾಳ ಆ ಒಂದು ಪೆಟ್ಟಿಗೆಯ ರಾಣಿ ಸತ್ತಿತು. ಮರ್ವ್‌ನ ಹಳೆಯ ಗೆಳೆಯ ಕ್ಲೈಡ್, ಕರಾವಳಿಯ ಬೇಗಾ ಕಡೆಯವನು. ಎಂದೋ ಮರ್ವ್ ಕೊಟ್ಟಿದ್ದ ರಾಣಿಯ ಪೀಳಿಗೆ ಅವನ ಹತ್ತಿರ ಇತ್ತು. ಆದರೆ ಅವನೂ ಮುದುಕನಾಗಿ, ಎಲ್ಲವನ್ನೂ ಮಾರಿ ಮಗಳ ಮನೆಗೆ ಹೊರಟಿದ್ದ. ಕೊನೆಗೆ ಉಳಿದಿದ್ದ ಒಂದು ರಾಣಿಯನ್ನು ಗ್ವೆಂಡಾಳಿಗೆ ಪಾರ್ಸಲ್ ಮಾಡಿದ. ರಾಣಿಯನ್ನು ಹಾಗೇ ಕಳಿಸುವುದು ಇಲ್ಲಿಯ ವಾಡಿಕೆ: ಬೆಂಕಿಪೊಟ್ಟಣದಷ್ಟು ಪಂಜರ, ಒಳಗೆ ಅವಳು, ಅವಳಿಗೆ ಉಣಿಸಲು ನಾಲ್ಕಾರು ದಾಸಿ ಹುಳುಗಳು, ತಿನ್ನಲು ಸಕ್ಕರೆಯ ಮುದ್ದೆ, ಹೊರಗೆ ತೂತು ಮಾಡಿದ ಲಕೋಟೆ.

ಪಾರ್ಸಲ್ ಬುಧವಾರ ಬರಬೇಕಿತ್ತು. ಬುಧವಾರ ಗ್ವೆಂಡಾ ಬಂದು ನನ್ನ ಕೌಂಟರಿಗೆ ಒರಗಿ ನಿಂತಳು. ಗುರುವಾರವೂ ಬಂದಳು. ಶುಕ್ರವಾರ ಮಧ್ಯಾಹ್ನ, ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವ ಹೊತ್ತಿನಲ್ಲಿ, ಕಾರ್ಡು ಹಿಡಿದುಕೊಂಡು ಬಂದಳು. ಮುಖ ಕೆಂಡವಾಗಿತ್ತು.

"ಎಲ್ಲೇ ಅವನು? ಎಲ್ಲಿ ನಿನ್ನ ಇವ್ವಿ?"

"ನನ್ನ ಇವ್ವಿ ಯಾಕೆ ಆಗ್ತಾನೆ? ನಾನೇನು ಹೆತ್ತಿದೀನಾ?"

"ಜಗಲೀಲೇ ಕೂತಿದ್ದೆ ಪೀನಾ. ಕಣ್ಣು ಮಿಟುಕಿಸದೆ ದಾರಿ ನೋಡ್ಕೊಂಡು ಕೂತಿದ್ದೆ. ದೂರದಲ್ಲಿ ಧೂಳು ಏಳ್ತು, ವ್ಯಾನು ನಿಂತ ಹಾಗಾಯ್ತು, ಬಂದ ಬಂದ ಅಂತ ಎದ್ದು ಓಡಿದೆ. ಅಷ್ಟು ದೂರ ಓಡಿ ನಾನು ಗೇಟು ಮುಟ್ಟೋ ಹೊತ್ತಿಗೆ ಇದನ್ನ ಸಿಕ್ಕಿಸಿ ಹೊರಟೇ ಹೋಗಿದ್ದ. ನಾನು ಮನೇಲಿ ಇಲ್ವಂತೆ!"

ಕಾರ್ಡನ್ನು ಕೌಂಟರಿನ ಮೇಲೆ ಕುಕ್ಕಿದಳು. ನಾನು ಎಂದಿನಂತೆ ಬಾಯಿಗೆ ಬಾಯಿ ಕೊಡದೆ ಕಾರ್ಡನ್ನು ಎತ್ತಿಕೊಂಡು ಓದಿದೆ.

"ಇವತ್ತು ಸಿಗದೆ ಹೋದ್ರೆ ಶನಿವಾರ, ಭಾನುವಾರ ಗ್ರಿಫಿತ್‌ನ ಕೊರಿಯರ್ ಕಂಪನಿ ತಗಡಿನ ಶೆಡ್ಡಲ್ಲಿ ಬಿದ್ದಿರತ್ತೆ" ಅಂದಳು. "ಈ ಬಿಸಿಲಲ್ಲಿ ಬದುಕತ್ತಾ? ಕ್ಲೈಡ್ ಹತ್ರ ಇನ್ನೊಂದಿಲ್ಲ. ಎಲ್ಲೂ ಇನ್ನೊಂದಿಲ್ಲ ಕಣೇ."

"ಬೇರೆ ಕಡೆಯಿಂದ ತರಿಸಿದ್ರೆ ಆಗಲ್ವಾ?"

"ಬೇರೆ ರಾಣಿ ಸಿಗತ್ತೆ. ಬೇಕಾದಷ್ಟು ಸಿಗತ್ತೆ." ಹಾಲಿನ ಕ್ರೇಟನ್ನು ಬೋರಲು ಹಾಕಿ ಅದರ ಮೇಲೆ ಕುಸಿದು ಕೂತಳು. "ಊಟ ಆದ್ಮೇಲೆ ಅವನು ಪೆಟ್ಟಿಗೆಗಳ ಹತ್ರ ಕೂತ್ಕೊತಿದ್ದ. ನಾನು ಪಾತ್ರೆ ತೊಳೀತಾ ಇರ್ತಿದ್ದೆ. ಗುಂಯ್ ಅಂತ ಒಂದೇ ಸಮ ಸದ್ದು. ಮೂವತ್ತು ವರ್ಷ ಅದೇ ಸದ್ದು. ಅವನು ಹೋದ್ಮೇಲೂ ಆ ಸದ್ದು ಇತ್ತಲ್ಲ, ಕಿಟಕಿ ಕಡೆ ನೋಡದೆ ಪಾತ್ರೆ ತೊಳೆದ್ರೆ, ಅವನು ಹಿತ್ತಲಲ್ಲಿ ಇದಾನೆ ಅನ್ಸೋದು. ರಾಣಿ ಹೋದಾಗಿಂದ ಆ ಸದ್ದೇ ಬದಲಾಗಿದೆ. ಗೋಳಾಡ್ತಾವೆ ಕಣೇ. ನಿಜವಾಗ್ಲೂ ಗೋಳಾಡ್ತಾವೆ. ನನಗೆ ಅಡುಗೆಮನೇಲಿ ನಿಲ್ಲಕ್ಕಾಗ್ತಿಲ್ಲ."

ಡ್ರೈವರ್‌ನ ಸ್ವಂತ ನಂಬರಿಗೆ ಫೋನ್ ಮಾಡುವಂತಿಲ್ಲ ಎಂದು ಕಂಪನಿ ಹೇಳಿತ್ತು. ಕಂಪನಿಯ ಮಾತಿಗೆ ಬೆಂಕಿ ಬೀಳಲಿ ಎಂದು ಫೋನ್ ಹಚ್ಚಿದೆ.

"ಇವಜ್, ಗ್ವೆಂಡಾಳ ಪಾರ್ಸಲ್ ಎಲ್ಲೋ?"

"ವ್ಯಾನಲ್ಲೇ ಇದೆ ಖಾಲಾ. ಸಂಜೆ ತರ್ತೀನಿ."

"ಅವಳು ಮನೇಲೇ ಇದ್ಲು. ಬಾಗಿಲ ತನಕ ಹೋಗಕ್ಕೆ ಕಾಲು ನೋವಾ ನಿಂಗೆ?"

ಎಂಜಿನ್ನು ಆರಿಸಿದ ಸದ್ದು ಕೇಳಿತು. ಆಮೇಲೆ, "ಅದು ಆ ತಂತಿ ಗೇಟು ಖಾಲಾ" ಅಂದ.

ಆ ಗೇಟು ನನಗೆ ಗೊತ್ತು. ಮರ್ವ್ ಮಾಡಿದ್ದು. ಕದವಲ್ಲ, ಕೋಲುಗಳಿಗೆ ಬಿಗಿದ ನಾಲ್ಕು ಸಾಲು ತಂತಿ. ಅದನ್ನು ಕಂಬಕ್ಕೆ ಎಳೆದು ಕುಣಿಕೆ ಹಾಕಿರುತ್ತಾರೆ. ಬಿಚ್ಚಲು ಗೊತ್ತಿಲ್ಲದವನು ಮುಟ್ಟಿದರೆ ಸಿಡಿದು ಮುಖಕ್ಕೆ ಹೊಡೆಯುತ್ತದೆ. ಒಮ್ಮೆ ಬಿಚ್ಚಿದರೆ ಮತ್ತೆ ಹಾಕಲು ಬರುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇವಜ್ ಯಾರದೋ ಅಂಥದ್ದೇ ಗೇಟು ಬಿಚ್ಚಿ, ಹಾಕಲಾರದೆ ಒರಗಿಸಿಟ್ಟು ಒಳಗೆ ಹೋಗಿದ್ದನಂತೆ. ಅವನು ಬರುವುದರೊಳಗೆ ಕುರಿಗಳೆಲ್ಲ ಹೆದ್ದಾರಿಗೆ ಹೋಗಿದ್ದವು. ಎರಡು ಕುರಿ ಲಾರಿಗೆ ಸಿಕ್ಕಿ ಸತ್ತವು. ಗೇಟನ್ನು ಹೇಗೆ ಕಂಡೆಯೋ ಹಾಗೇ ಬಿಟ್ಟು ಹೋಗು ಎನ್ನುವುದು ಈ ಸೀಮೆಯಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು, ಅದನ್ನು ಮೀರಿದವನನ್ನು ಕಳ್ಳನಿಗಿಂತ ಕಡೆಯಾಗಿ ನೋಡುತ್ತಾರೆ. ಆ ಜಮೀನಿನವನು ಇವಜ್‌ನ ಹುಟ್ಟು, ಬಣ್ಣ, ದೇಶ, ದೇವರು ಎಲ್ಲವನ್ನೂ ಬೈದಿದ್ದನಂತೆ. ಅಂದಿನಿಂದ ಇವಜ್ ಯಾವ ಗೇಟನ್ನೂ ಮುಟ್ಟಿಲ್ಲ.

"ಹಾರ್ನ್ ಹೊಡೆದೆ ಖಾಲಾ. ಯಾರೂ ಬರಲಿಲ್ಲ. ಜಾಸ್ತಿ ಹೊತ್ತು ನಿಂತ್ರೆ ಕಂಪನಿ ಕೊಟ್ಟಿರೋ ಮೆಷಿನ್ ಕೂಗುತ್ತೆ. ಇನ್ನೂ ಅರ್ಧ ವ್ಯಾನ್ ಹಂಗೇ ಇದೆ" ಅಂದ. ಆಮೇಲೆ ತಗ್ಗಿದ ದನಿಯಲ್ಲಿ, "ಆದ್ರೆ ಅದನ್ನ ಜೋಪಾನವಾಗಿ ಇಟ್ಟಿದೀನಿ. ಜೀವ ಇರೋ ವಸ್ತು, ಬಿಸಿಲಿಗೆ ಇಡಬೇಡಿ ಅಂತ ಬರ್ದಿದೆ. ನಂಗೆ ಗೊತ್ತು" ಅಂದ.

ಇದನ್ನು ಗ್ವೆಂಡಾಳಿಗೆ ಹೇಳಿದೆ. ಅವಳು ಕ್ರೇಟಿನಿಂದ ಏಳಲಿಲ್ಲ. ನಾನು ಕಾಫಿ ಮಾಡಿ ಕೊಟ್ಟೆ, ಅದು ಹಾಗೇ ಆರಿತು. ಅಂಗಡಿಗೆ ಬಂದವರೆಲ್ಲ ಅವಳನ್ನು ಬಳಸಿಕೊಂಡು ಓಡಾಡಿದರು.

ಐದಕ್ಕೆ ವ್ಯಾನು ಬಂತು. ಇವಜ್ ಒಳಗೆ ಬಂದಾಗ ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು, ಆದರೆ ಮುಖದಲ್ಲಿ ಒಂಥರಾ ಹೆಮ್ಮೆ. ಎರಡೂ ಕೈಯಲ್ಲಿ ತನ್ನ ಊಟದ ಐಸ್ ಪೆಟ್ಟಿಗೆಯನ್ನು ಹಿಡಿದುಕೊಂಡಿದ್ದ. ಮೀನು ಹಿಡಿಯಲು ಹೋಗುವವರು ಬಿಯರ್ ಇಟ್ಟುಕೊಳ್ಳುವಂಥದ್ದು.

"ವ್ಯಾನಿನ ಹಿಂದೆ ಒಲೆ ಥರ ಇದೆ ಮೇಡಂ" ಎಂದು ಗ್ವೆಂಡಾಳಿಗೆ ಹೇಳಿದ. "ಅದಕ್ಕೆ ಬೆಳಿಗ್ಗೇನೇ ನನ್ನ ಮಜ್ಜಿಗೆ, ರೊಟ್ಟಿ ಹೊರಗೆ ತೆಗೆದು, ಇದನ್ನ ಐಸ್ ಮೇಲೆ ಇಟ್ಟೆ. ನೋಡಿ, ಎಷ್ಟು ತಣ್ಣಗಿದೆ."

ಗ್ವೆಂಡಾ ಲಕೋಟೆ ಕಿತ್ತುಕೊಂಡು ಹರಿದಳು. ಪಂಜರದೊಳಗೆ ಹುಳುಗಳೆಲ್ಲ ಒಂದು ಮೂಲೆಗೆ ರಾಶಿಯಾಗಿ ಬಿದ್ದಿದ್ದವು. ಕಾಲುಗಳನ್ನು ಮಡಿಚಿಕೊಂಡಿದ್ದವು. ನಡುವೆ ಉದ್ದ ಹೊಟ್ಟೆಯ, ಜೇನುಬಣ್ಣದ ರಾಣಿ ಮಗ್ಗುಲಾಗಿ ಬಿದ್ದಿತ್ತು. ಗ್ವೆಂಡಾ ಪಂಜರವನ್ನು ಅಲುಗಿಸಿದಳು. ಒಣಕಾಳು ಅಲುಗಿದಂತೆ ಅಲುಗಿದವು, ಅಷ್ಟೇ.

"ಅಯ್ಯೋ ಪಾಪಿ! ಹುಳಾನ ಐಸಲ್ಲಿ ಇಡ್ತಾರೇನೋ?" ನಾನು ಕೌಂಟರ್ ದಾಟಿ ಹೊರಗೆ ಬಂದೆ. "ಅದೇನು ಮೀನಾ? ತಲೇಲಿ ಏನಿದೆ ನಿಂಗೆ? ಗೇಟು ತೆಗೆಯಕ್ಕೆ ಬರಲ್ಲ, ಬುದ್ಧಿ ಉಪಯೋಗಿಸಕ್ಕೂ ಬರಲ್ವಾ?"

ಇವಜ್ ತಲೆಯಾಡಿಸಲಿಲ್ಲ. ಐಸ್ ಪೆಟ್ಟಿಗೆಯನ್ನು ಕೆಳಗೆ ಇಡುವುದೂ ಮರೆತು ನಿಂತಿದ್ದ.

ಗ್ವೆಂಡಾ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಪಂಜರವನ್ನು ಸ್ವಲ್ಪ ಹೊತ್ತು ನೋಡಿ, ನಮ್ಮಿಬ್ಬರಿಗೂ ಬೆನ್ನು ಮಾಡಿ, ಅಂಗಿಯ ಮೇಲಿನ ಗುಂಡಿ ಬಿಚ್ಚಿ ಅದನ್ನು ಎದೆಯೊಳಗೆ ಇಟ್ಟುಕೊಂಡಳು. ಮತ್ತೆ ಕ್ರೇಟಿನ ಮೇಲೆ ಕೂತು, ಎರಡು ಕೈಯನ್ನೂ ಅದರ ಮೇಲೆ ಒತ್ತಿಕೊಂಡಳು.

"ಏನೇ ಮಾಡ್ತಿದೀಯ?"

"ಹಿಮ ಬಿದ್ದ ಬೆಳಿಗ್ಗೆ ಜೇನುಪೆಟ್ಟಿಗೆ ಹೊಸ್ತಿಲ ಮೇಲೆ ಹುಳ ಸೆಟೆದು ಬಿದ್ದಿರ್ತಿದ್ವು. ಮರ್ವ್ ಅವನ್ನ ಅಂಗೈಲಿ ಇಟ್ಕೊಂಡು ಊದ್ತಾ ಕೂತ್ಕೊತಿದ್ದ. ಕೆಲವು ಏಳ್ತಿದ್ವು." ಕಣ್ಣು ಮುಚ್ಚಿಕೊಂಡಳು. "ಕೆಲವು ಏಳ್ತಿರಲಿಲ್ಲ."

ನಾನು ಫ್ಯಾನು ಆರಿಸಿದೆ, ಎ.ಸಿ. ಆರಿಸಿದೆ. ಬಾಗಿಲಿಗೆ ಅಂಗಡಿ ಮುಚ್ಚಿದೆ ಎಂಬ ಹಲಗೆ ತಿರುಗಿಸಿದೆ. ಒಳಗೆ ಹಬೆಯಲ್ಲಿ ಬೆಂದ ಹಾಗಾಗುತ್ತಿತ್ತು. ಇವಜ್ ಗೋಡೆಗೆ ಒರಗಿ ನೆಲದ ಮೇಲೆ ಕೂತ. ಅವನ ಸೊಂಟದಲ್ಲಿದ್ದ ಕಂಪನಿಯ ಮೆಷಿನ್ನು ಕುಂಯ್‌ಗುಟ್ಟಿತು. ಅವನು ನೋಡಲಿಲ್ಲ. ಅದು ಮತ್ತೆ ಕೂಗಿತು.

"ಹೋಗೋ ನೀನು. ಇನ್ನೂ ಹಂಚೋ ಪಾರ್ಸಲ್ ಇಲ್ವಾ?" ಎಂದೆ.

"ಇರಲಿ ಖಾಲಾ" ಅಂದ. ಮೆಷಿನ್ನನ್ನು ತೆಗೆದು ಐಸ್ ಪೆಟ್ಟಿಗೆಯೊಳಗೆ ಹಾಕಿ ಮುಚ್ಚಳ ಮುಚ್ಚಿದ. ಒಳಗಿಂದಲೂ ಅದು ಕೂಗುತ್ತಲೇ ಇತ್ತು, ಸದ್ದು ಮಾತ್ರ ಸಣ್ಣದಾಯಿತು.

ಕಾಯುವುದು ನಮ್ಮೂರಿಗೆ ಹೊಸದಲ್ಲ. ಮಳೆಗೆ ಕಾಯುತ್ತೇವೆ, ಕಾಲುವೆಯ ನೀರಿಗೆ ಕಾಯುತ್ತೇವೆ, ಪಾರ್ಸಲ್‌ಗಂತೂ ಜನ್ಮ ಪೂರ್ತಿ ಕಾಯುತ್ತೇವೆ. ಆದರೆ ಅಂದಿನಷ್ಟು ಕಷ್ಟಪಟ್ಟು ನಾನು ಯಾವತ್ತೂ ಕಾದಿಲ್ಲ. ಒಂದು ಹುಳಕ್ಕಾಗಿ ಮನಸ್ಸಿನಲ್ಲೇ ಮಾತೆ ಮರಿಯಳಿಗೆ ಮೊರೆಯಿಟ್ಟೆ. ಕೇಳಿದರೆ ನಮ್ಮ ಪಾದ್ರಿ ನಗುತ್ತಿದ್ದರು.

"ರಾಣಿ ಇಲ್ದೆ ಅವು ಎಷ್ಟು ದಿನ ಇರ್ತಾವೆ ಮೇಡಂ?" ಇವಜ್ ನೆಲ ನೋಡುತ್ತಾ ಕೇಳಿದ.

"ಕೆಲವು ವಾರ" ಎಂದಳು ಗ್ವೆಂಡಾ ಕಣ್ಣು ತೆರೆಯದೆ. "ತೀರಾ ತಡ ಆಗಿಬಿಟ್ರೆ ಎಂಥ ರಾಣೀನ ತಂದು ಬಿಟ್ರೂ ಒಪ್ಪಲ್ಲ. ಮೇಲೆ ಬಿದ್ದು ಕೊಂದ್ಹಾಕ್ತಾವೆ."

"ತಮ್ಮವಳನ್ನೇ?"

"ಮರ್ತೋಗಿರ್ತಾವಲ್ಲ. ಇಲ್ದೆ ಇರೋದೇ ಅಭ್ಯಾಸ ಆಗಿರತ್ತೆ."

ಇವಜ್ ಐಸ್ ಪೆಟ್ಟಿಗೆಯ ಮುಚ್ಚಳ ಸವರುತ್ತಾ, ಯಾರಿಗೂ ಹೇಳದವನ ಹಾಗೆ, "ಹತ್ತು ವರ್ಷ ದಾಟ್ತು" ಎಂದ. ಗ್ವೆಂಡಾಳಿಗೆ ಅದು ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ದಿನಾ ಸಂಜೆ ಬಾಗಿಲಲ್ಲಿ ತಿರುಗಿ ನಿಂತು ಕೇಳುವಾಗ ಇವನ ಎದೆಯಲ್ಲಿ ಇಂಥದ್ದೊಂದು ಹೆದರಿಕೆ ಕೂತಿದೆ ಎಂದು ನನಗೆ ಹೊಳೆದೇ ಇರಲಿಲ್ಲ. ಅವಳು ಬರುವುದಿಲ್ಲವೇನೋ ಎಂಬ ಹೆದರಿಕೆ ಒಂದಾದರೆ, ಬಂದ ಮೇಲೆ ಏನು ಎಂಬುದು ಇನ್ನೊಂದು. ನಾನು ಎದ್ದು ಅವನಿಗೆ ಒಂದು ಲೋಟ ನೀರು ಕೊಟ್ಟೆ.

"ನಿನ್ನ ಹೆಂಡ್ತಿ ಕಳಿಸಿದ ಅಂಗಿ ವಿಷಯ ಗ್ವೆಂಡಾಗೆ ಹೇಳೋ" ಎಂದೆ. ಸುಮ್ಮನೆ ಕೂರುವುದಕ್ಕಿಂತ ಅದು ವಾಸಿ ಅನ್ನಿಸಿತು.

ಅವನು ಹೇಳಿದ. ಕೊರಳಪಟ್ಟಿಯ ಕಸೂತಿಯ ಬಣ್ಣ ಹೇಳಿದ. ಹೊಲಿಯುವಾಗ ಅವಳು ಫೋನಿನಲ್ಲಿ ತೋರಿಸಿದ್ದಳಂತೆ, ಬೆಳಕು ಸರಿಯಿಲ್ಲದೆ ಬಣ್ಣ ಕೆಂಪೋ ಕಿತ್ತಳೆಯೋ ತಿಳಿಯಲಿಲ್ಲವಂತೆ. ಬಂದ ಮೇಲೆ ನೋಡಬೇಕು ಅಂದ. ಗ್ವೆಂಡಾ ಕಣ್ಣು ತೆರೆದು ಅವನನ್ನೇ ನೋಡುತ್ತಾ ಕೇಳಿಸಿಕೊಂಡಳು. ಬುಧವಾರದಿಂದ ಅವಳು ಬೇರೆಯವರ ಮಾತಿಗೆ ಕಿವಿಗೊಟ್ಟದ್ದು ಅದೇ ಮೊದಲು.

"ನೀನು ದಿನಾ ಎಲ್ಲರ ಮನೆಗೆ..." ಎಂದು ಏನೋ ಹೇಳಲು ಹೊರಟವಳು ತಟ್ಟನೆ ನಿಲ್ಲಿಸಿದಳು. ಎದೆಯ ಮೇಲಿನ ಕೈ ಬಿಗಿಯಾಯಿತು.

"ಏನಾಯ್ತೇ?"

"ಶ್! ಕಚಗುಳಿ ಇಟ್ಟ ಹಾಗಾಯ್ತು."

ಅವಳು ಪಂಜರವನ್ನು ಹೊರಗೆ ತೆಗೆದಳು. ಒಂದು ದಾಸಿ ಹುಳು ರೆಕ್ಕೆ ಅದುರಿಸುತ್ತಿತ್ತು. ಇನ್ನೊಂದು ಕುಡಿದವರ ಹಾಗೆ ತೂರಾಡುತ್ತಾ ಎದ್ದಿತು. ಉಳಿದವು ಏಳಲೇ ಇಲ್ಲ. ರಾಣಿಯ ಒಂದು ಕಾಲು ಗಾಳಿಯಲ್ಲಿ ತಡವರಿಸಿತು. ಆಮೇಲೆ ಇನ್ನೊಂದು ಕಾಲು. ಎದ್ದಿದ್ದ ದಾಸಿ ಹುಳು ಹತ್ತಿರ ಹೋಗಿ ಅವಳ ಮುಖಕ್ಕೆ ಮುಖ ತಾಗಿಸಿತು. ರಾಣಿ ಹೊರಳಿ, ಎದ್ದು, ಸತ್ತವರನ್ನು ದಾಟಿಕೊಂಡು ನಡೆದಳು.

ಇವಜ್ ಜೋರಾಗಿ ಅಳಲು ಶುರು ಮಾಡಿದ. ನಾನು ಅವನ ತಲೆಗೆ ಒಂದು ಮೊಟಕಿ, "ಇನ್ನು ಅಳೋದು ಯಾಕೋ ಮೂರ್ಖ?" ಎಂದು ಬೈದೆ. ನನ್ನ ಕಣ್ಣಲ್ಲೂ ನೀರು ಬಂದಿತ್ತು, ಅದು ಸೆಖೆಗೆ.

"ಏಳೋ" ಎಂದಳು ಗ್ವೆಂಡಾ. "ಪಾರ್ಸಲ್ ಮನೆಗೆ ಮುಟ್ಟಿಸ್ಬೇಕಾ ಬೇಡ್ವಾ? ನಡಿ. ನಿನ್ನ ವ್ಯಾನಲ್ಲೇ ಬರ್ತೀವಿ."

ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತೆವು. ಹಿಂದೆ ಯಾರ್ಯಾರದೋ ಪೆಟ್ಟಿಗೆಗಳು ಜಾರಾಡುತ್ತಿದ್ದವು. ಕಾಲುವೆ ದಾಟಿ ಗೇಟಿನ ಹತ್ತಿರ ನಿಂತಾಗ ಇವಜ್ ಸ್ಟೀರಿಂಗ್ ಬಿಡಲಿಲ್ಲ. ಗ್ವೆಂಡಾ ಪಂಜರವನ್ನು ನನ್ನ ಕೈಗೆ ಕೊಟ್ಟು ಇಳಿದು ಅವನನ್ನು ಕರೆದಳು.

"ಕೈಯಿಂದ ಎಳೆದ್ರೆ ಬರಲ್ಲ. ಹೀಗೆ ಬಾ. ಆ ಕೋಲನ್ನ ತಬ್ಕೋ. ಹೆಗಲು ಕೊಡು. ಎದೆಗೆ ಒತ್ಕೊಂಡು ಕಂಬದ ಕಡೆ ಎಳಿ. ನಾಚ್ಕೊಬೇಡ, ಗಟ್ಟಿಯಾಗಿ ತಬ್ಕೋ."

ಇವಜ್ ಕೋಲನ್ನು ತಬ್ಬಿಕೊಂಡು ಎಳೆದ. ಕುಣಿಕೆ ಸಡಿಲವಾಗಿ ತಾನಾಗಿ ಕಳಚಿಕೊಂಡಿತು. ವ್ಯಾನು ಒಳಗೆ ಬಂದ ಮೇಲೆ ಅವನೇ ಓಡಿಹೋಗಿ ಅದನ್ನು ಹಾಗೇ ತಬ್ಬಿ ಮತ್ತೆ ಹಾಕಿದ. ಕುಣಿಕೆಯನ್ನು ಎರಡೆರಡು ಸಲ ಮುಟ್ಟಿ ನೋಡಿದ.

ಹಿತ್ತಲಿಗೆ ಹೋಗುವ ಮೊದಲೇ ಆ ಸದ್ದು ನನಗೆ ಕೇಳಿಸಿತು. ಗ್ವೆಂಡಾ ಹೇಳಿದಾಗ ನಾನು ಅರ್ಧ ನಂಬಿದ್ದೆ. ಜೇನಿನ ಝೇಂಕಾರವಲ್ಲ ಅದು. ಏರುತ್ತಾ ಇಳಿಯುತ್ತಾ, ಮನೆಯೊಳಗೆ ಯಾರೋ ಬಾಯಿಗೆ ಬಟ್ಟೆ ಒತ್ತಿಕೊಂಡು ಅಳುತ್ತಿರುವ ಹಾಗಿತ್ತು. ಗ್ವೆಂಡಾ ಬಲೆಯ ಟೋಪಿ ಹಾಕಿಕೊಳ್ಳದೆ ಮುಚ್ಚಳ ತೆಗೆದು, ಎರಡು ಚೌಕಟ್ಟುಗಳ ನಡುವೆ ಪಂಜರವನ್ನು ಸಿಕ್ಕಿಸಿ, ಮುಚ್ಚಳ ಹಾಕಿದಳು. ಪಂಜರದ ಬಾಯಿಗೆ ಮೆತ್ತಿದ ಸಕ್ಕರೆ ಮುದ್ದೆಯನ್ನು ಒಳಗಿನವೂ ಹೊರಗಿನವೂ ತಿಂದು ದಾರಿ ಮಾಡಿಕೊಳ್ಳುವುದರೊಳಗೆ ಹೊರಗಿನವಕ್ಕೆ ರಾಣಿಯ ವಾಸನೆ ಪರಿಚಯವಾಗುತ್ತದಂತೆ. ಹಾಗೆಂದು ಮರ್ವ್ ಹೇಳುತ್ತಿದ್ದನಂತೆ.

ನಾವು ಹುಲ್ಲಿನ ಮೇಲೆ ಕೂತೆವು. ಹೊತ್ತು ಮುಳುಗುವುದಿತ್ತು, ಬಾದಾಮಿ ತೋಟದ ಕಡೆಯಿಂದ ಬಿಳಿ ಗಿಳಿಗಳು ಕಿರುಚುತ್ತಾ ಹೋದವು. ಗ್ವೆಂಡಾ ಪೆಟ್ಟಿಗೆಗೆ ಕಿವಿ ಹಚ್ಚಿದಳು. ಮೊದಲು ಏನೂ ಬದಲಾಗಲಿಲ್ಲ. ಬರಬರುತ್ತಾ ಆ ಅಳುವಿನ ಏರಿಳಿತ ಕಡಿಮೆಯಾಯಿತು. ಆಮೇಲೆ ಗುಂಯ್ ಎಂಬ ಒಂದೇ ಸಮನಾದ ಸದ್ದು ಉಳಿಯಿತು.

"ಸುಮ್ಮನಾದ್ವು" ಎಂದಳು ಗ್ವೆಂಡಾ. ನಗುತ್ತಿದ್ದಳು. ನಗುತ್ತಿದ್ದವಳು ಒಮ್ಮೆಲೇ ಪೆಟ್ಟಿಗೆಯನ್ನು ಎರಡೂ ತೋಳಿನಿಂದ ಬಳಸಿಕೊಂಡು ಹಣೆಯನ್ನು ಮುಚ್ಚಳಕ್ಕೆ ಒತ್ತಿದಳು. "ಇವುಕ್ಕೆ ರಾಣಿ ಬಂದ್ಲು ಪೀನಾ. ಇವುಕ್ಕಾದ್ರೂ ಬಂದ್ಲು."

ನಾನು ಅವಳ ಬೆನ್ನು ಸವರಿದೆ. ಅಡುಗೆಮನೆಯ ಕಿಟಕಿ ನಮ್ಮ ಹಿಂದೆಯೇ ಇತ್ತು. ಮರ್ವ್ ಕೂರುತ್ತಿದ್ದ ಮರದ ದಿಮ್ಮಿಯೂ ಅಲ್ಲೇ ಇತ್ತು, ಅದರ ಮೇಲೆ ಯಾರೂ ಕೂತಿರಲಿಲ್ಲ.

ಇವಜ್ ಎದ್ದು ನಿಂತ. ಹೋಗಬೇಕಲ್ಲ ಅವನು, ವ್ಯಾನು ತುಂಬ ಪೆಟ್ಟಿಗೆಗಳು. ಆದರೆ ಹೋಗಲಿಲ್ಲ.

"ಖಾಲಾ" ಎಂದ. ನನ್ನನ್ನಲ್ಲ, ಗ್ವೆಂಡಾಳನ್ನು. "ತಡ ಆದ್ರೆ ಒಪ್ಪಲ್ಲ ಅಂದ್ರಲ್ಲ..."

ಗ್ವೆಂಡಾ ತಲೆಯೆತ್ತಿ ಅವನ ಮುಖ ನೋಡಿದಳು. ಈಗ ಅವಳಿಗೆ ಅರ್ಥವಾಗಿತ್ತು.

"ಅದು ಹುಳದ ವಿಷಯ ಕಣಪ್ಪ. ನಾವೇನು ಹುಳಾನಾ?" ಕಣ್ಣೊರೆಸಿಕೊಂಡಳು. "ನನ್ನ ಗಂಡ ಇವತ್ತು ಆ ಗೇಟಲ್ಲಿ ಬಂದು ನಿಂತ್ರೆ, ತಡ ಆಯ್ತು ಅಂತ ವಾಪಸ್ ಕಳಿಸ್ತೀನಾ ನಾನು?"

ಇವಜ್ ತಲೆಯಾಡಿಸಿದ. ಆ ತಲೆಯಾಡಿಸುವಿಕೆಗೆ ನನಗೆ ಸಿಟ್ಟು ಬರಲಿಲ್ಲ. ಹೋಗುವಾಗ ಪಾರ್ಸಲ್ ಮುಟ್ಟಿಸಿದ್ದಕ್ಕೆ ಸಾಕ್ಷಿಯಾಗಿ ಫೋಟೋ ತೆಗೆಯಬೇಕಿತ್ತು. ಜೇನುಪೆಟ್ಟಿಗೆಯನ್ನೂ, ಅದನ್ನು ತಬ್ಬಿಕೊಂಡಿದ್ದ ಗ್ವೆಂಡಾಳನ್ನೂ ಸೇರಿಸಿ ತೆಗೆದ. ಫೋಟೋದಲ್ಲಿ ಮನೆಯ ಬಾಗಿಲು ಕಾಣುತ್ತಿಲ್ಲ ಎಂದು ಕಂಪನಿಯಿಂದ ಆಮೇಲೆ ಎಚ್ಚರಿಕೆ ಬಂತು. ಅಂದು ತಡವಾಗಿ ಪಾರ್ಸಲ್ ಸಿಕ್ಕವರೆಲ್ಲ ಸೋಮವಾರ ಬಂದು ನನ್ನನ್ನು ಬೈದು ಹೋದರು. ಬೈಸಿಕೊಂಡೆ.

ಸೋಮವಾರ ಸಂಜೆ ಐದಕ್ಕೆ ಗ್ವೆಂಡಾ ಅಂಗಡಿಯಲ್ಲೇ ಇದ್ದಳು. ಪಂಜರ ಖಾಲಿಯಾಗಿದೆ, ರಾಣಿ ಹೊರಗೆ ಓಡಾಡುತ್ತಿದ್ದಾಳೆ ಎಂದು ಹೇಳಲು ಬಂದಿದ್ದಳು. ಇವಜ್ ಪಾರ್ಸಲ್‌ಗಳನ್ನು ಗೋಡೆಗೆ ಒರಗಿಸಿದ, ನಲ್ಲಿಗೆ ಬಾಯಿ ಹಚ್ಚಿ ನೀರು ಕುಡಿದ, ಬಾಗಿಲ ತನಕ ಹೋಗಿ ತಿರುಗಿ ನಿಂತ.

"ಖಾಲಾ, ನಂದೇನಾದ್ರೂ ಬಂತಾ?"

ಬಂದಿರಲಿಲ್ಲ. ನನಗೆ ಗೊತ್ತಿತ್ತು. ಅಂದು ಬಂದ ಪ್ರತಿಯೊಂದು ಪೆಟ್ಟಿಗೆಯನ್ನೂ ನಾನೇ ಎತ್ತಿ ಇಟ್ಟಿದ್ದೆ. ಆದರೂ ತಲೆಯೆತ್ತಿ ಅವನ ಮುಖ ನೋಡಿದೆ.

"ಇರು, ನೋಡ್ತೀನಿ" ಎಂದು ಕನ್ನಡಕ ಹಾಕಿಕೊಂಡು ಒಳಗೆ ಹೋದೆ. ಗ್ವೆಂಡಾಳೂ ಎದ್ದು ನನ್ನ ಹಿಂದೆಯೇ ಬಂದಳು. ಮೇಲಿನ ಹಲಗೆಯಿಂದ ನಾನು, ಕೆಳಗಿನ ಹಲಗೆಯಿಂದ ಅವಳು, ಒಂದೊಂದನ್ನೂ ಕೈಗೆತ್ತಿಕೊಂಡು ಹೆಸರು ಓದುತ್ತಾ ಬಂದೆವು. ಅವನು ಬಾಗಿಲಲ್ಲಿ ಕಾಯುತ್ತಾ ನಿಂತಿದ್ದ.